ಕಂಪನಿಯ ಜಾಲತಾಣದಿಂದ ಸಮುದಾಯದ ಜಾಲಕ್ಕೆ: ಹಾವೇರಿ ಸೀಮೆಯಿಂದ ಕಂಡ ಎರಡು ದಶಕ

ಕಂಪನಿಯೊಂದರ ಒಡೆತನದ ಸಾಮಾಜಿಕ ಜಾಲತಾಣವನ್ನು ತೊರೆದು, ಬಳಸುವವರೇ ನಡೆಸುವ ವಿಕೇಂದ್ರಿತ ಜಾಲಕ್ಕೆ ಹೋಗುವ ಪ್ರಯತ್ನಕ್ಕೆ ಕರ್ನಾಟಕದಲ್ಲಿ ಇಪ್ಪತ್ತು ವರ್ಷಗಳ ಹಿನ್ನೆಲೆ ಇದೆ. 2004ರ ಆರ್ಕುಟ್‌ನಿಂದ 2024ರಲ್ಲಿ ನಿಂತುಹೋದ ಕೂ ವರೆಗೆ ಕನ್ನಡಿಗರು ಹಲವು ತಾಣಗಳನ್ನು ಸೇರಿದರು, ಹಲವನ್ನು ಬಿಟ್ಟರು. ಕೆಲವು ತಾಣಗಳು ತಾವೇ ಬಾಗಿಲು ಹಾಕಿಕೊಂಡವು. ಬೆಂಗಳೂರಿನ ತಂತ್ರಜ್ಞರಿಗೆ ಎಷ್ಟು ಸಂಬಂಧಿಸಿದ ಚರಿತ್ರೆಯೋ, ದಿನದ ವ್ಯವಹಾರವೆಲ್ಲ ಮೊಬೈಲಿಗೆ ಬಂದಿರುವ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ರೈತರು, ದಲಾಲರು, ಶಿಕ್ಷಕರು, ಬರಹಗಾರರಿಗೂ ಇದು ಅಷ್ಟೇ ಸಂಬಂಧಿಸಿದ್ದು. ಮಾತಾಡುವ ಜಾಗದ ನಿಯಮ ಮಾಡುವವರು ಯಾರು, ಆಡಿದ ಮಾತಿನ ದಾಖಲೆ ಯಾರ ಕೈಯಲ್ಲಿದೆ, ಜಾಗ ಬಿಟ್ಟು ಹೊರಟಾಗ ಏನನ್ನು ಒಯ್ಯಬಹುದು ಎಂಬ ಮೂರು ಪ್ರಶ್ನೆಗಳು ಈ ಚರಿತ್ರೆಯ ಉದ್ದಕ್ಕೂ ಮರಳಿ ಬರುತ್ತವೆ.

ಸುದ್ದಿಯ ಹಳೆಯ ದಾರಿಗಳು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದ ಊರುಗಳು. ಸದರ್ನ್ ಮರಾಠಾ ರೈಲ್ವೆ 19ನೇ ಶತಮಾನದ ಕೊನೆಯ ಭಾಗದಲ್ಲಿ ಹಾಕಿದ ಈ ಮಾರ್ಗ ಹತ್ತಿ, ಮೆಣಸಿನಕಾಯಿಯ ಜೊತೆಗೆ ಟಪಾಲನ್ನೂ ಪತ್ರಿಕೆಗಳನ್ನೂ ಸಾಗಿಸಿತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಕೃಷಿ ಮಾಹಿತಿಯನ್ನೂ ವಾರ್ತೆಯನ್ನೂ ಹಳ್ಳಿಗಳಿಗೆ ತಲುಪಿಸಿತು. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ರೂಪುಗೊಂಡಿತು. ಆ ಹೊತ್ತಿನವರೆಗೂ ಪತ್ರಿಕೆ, ಬಾನುಲಿ, ಸಂತೆ, ಜಾತ್ರೆಗಳೇ ಇಲ್ಲಿನ ಸುದ್ದಿಯ ಮುಖ್ಯ ದಾರಿಗಳು.

ಇವುಗಳಲ್ಲಿ ಅತ್ಯಂತ ಹಳೆಯ ಬಗೆಯ ಸುದ್ದಿಯೊಂದು ಈಗಲೂ ಜೀವಂತವಾಗಿದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಮಾಲತೇಶನ ಕಾರಣಿಕ ನಡೆಯುತ್ತದೆ. ಕಾರಣಿಕ ನುಡಿಯುವ ಗೊರವಪ್ಪ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಲೇ ಗುಡ್ಡದಲ್ಲಿ ನೆರೆದ ಜನಸಾಗರ ಗಪ್ಪಾಗುತ್ತದೆ. ಅವರ ಬಾಯಿಂದ ಒಂದು ಸಾಲಿನ ನುಡಿ ಹೊರಟೊಡನೆ ಅವರು ಮೇಲಿನಿಂದ ಕೆಳಗೆ ಧುಮುಕುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ನುಡಿಯಲ್ಲಿ ಮಳೆ, ಬೆಳೆ, ರಾಜಕಾರಣದ ಭವಿಷ್ಯವನ್ನು ಜನ ಓದಿಕೊಳ್ಳುತ್ತಾರೆ. ಒಂದು ಕಾಲಕ್ಕೆ ಅದು ಜಾತ್ರೆಯಿಂದ ಮನೆಗೆ ಮರಳುವವರ ಬಾಯಿಂದ ಊರೂರಿಗೆ ಹೋಗುತ್ತಿತ್ತು. ಮರುದಿನದ ಪತ್ರಿಕೆಯಲ್ಲಿ ಅಚ್ಚಾಗತೊಡಗಿದ್ದು ಆಮೇಲೆ. ಈಗ ನುಡಿ ಮುಗಿಯುವ ಮೊದಲೇ ವಿಡಿಯೊ ಫೇಸ್‌ಬುಕ್ಕಿನಲ್ಲಿ, ವಾಟ್ಸ್‌ಆ್ಯಪ್ಪಿನಲ್ಲಿ ಇರುತ್ತದೆ. ವೇಗ ಹೆಚ್ಚಿತು, ಆದರೆ ಯಾರದೂ ಅಲ್ಲದ ದಾರಿಯಲ್ಲಿ ಹರಿಯುತ್ತಿದ್ದ ಸುದ್ದಿ ಒಂದೇ ಕಂಪನಿಯ ಸರ್ವರುಗಳ ಮೂಲಕ ಹಾಯತೊಡಗಿತು.

ಮೊದಲ ಬಿಡುಗಡೆ: ಅಕ್ಷರದ ಮಟ್ಟದಲ್ಲಿ

ಒಂದೇ ಕಂಪನಿಗೆ, ಒಂದೇ ತಂತ್ರಾಂಶಕ್ಕೆ ಕಟ್ಟುಬೀಳುವುದರ ತೊಂದರೆಯನ್ನು ಕನ್ನಡಿಗರು ಜಾಲತಾಣಗಳಿಗೂ ಮೊದಲೇ ಕಂಡಿದ್ದರು. 1990ರ ದಶಕದಲ್ಲಿ ಕನ್ನಡ ಟೈಪಿಂಗಿಗೆ ಹಲವು ತಂತ್ರಾಂಶಗಳಿದ್ದವು, ಪ್ರತಿಯೊಂದಕ್ಕೂ ತನ್ನದೇ ಫಾಂಟ್, ತನ್ನದೇ ಸಂಕೇತ ವ್ಯವಸ್ಥೆ ಇತ್ತು. ಒಂದರಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದು ಮನೆಮನೆಯ ಕಂಪ್ಯೂಟರಿಗೆ ಕನ್ನಡವನ್ನು ತಲುಪಿಸಿತು. ಕನ್ನಡ ಗಣಕ ಪರಿಷತ್ತಿನ ನುಡಿ ಸರಕಾರಿ ಕಚೇರಿಗಳಲ್ಲಿ ನೆಲೆಯೂರಿತು.

ಬೇರೆ ಬೇರೆ ಯಂತ್ರಗಳ ನಡುವೆ ಕನ್ನಡ ಓಡಾಡುವಂತೆ ಮಾಡಿದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನು ತನ್ನೊಂದಿಗೇ ತಂದಾಗ ಸಾಮಾನ್ಯ ಬಳಕೆದಾರರಿಗೂ ಅದು ಕೈಗೆಟುಕಿತು. ಯೂನಿಕೋಡಿನಲ್ಲಿ ಟೈಪು ಮಾಡಿದ ಒಂದು ಸಾಲನ್ನು ಯಾವ ಕಂಪನಿಯ ಫೋನಿನಲ್ಲಾದರೂ ಓದಬಹುದು, ಹುಡುಕಬಹುದು, ಬೇರೆ ಕಡೆಗೆ ಸಾಗಿಸಬಹುದು. ಎಲ್ಲರೂ ಒಪ್ಪಿದ ತೆರೆದ ಮಾನಕವೊಂದಿದ್ದರೆ ತಂತ್ರಾಂಶ ಬದಲಿಸಿದರೂ ಬರಹ ಉಳಿಯುತ್ತದೆ ಎಂಬುದು ಇಲ್ಲಿ ಸಾಬೀತಾಯಿತು. ವಿಕೇಂದ್ರಿತ ಜಾಲಗಳು ಇದೇ ತತ್ವವನ್ನು ಅಕ್ಷರದಿಂದ ಸಂಭಾಷಣೆಗೆ ವಿಸ್ತರಿಸಿದವು.

ಆರ್ಕುಟ್‌ನಿಂದ ವಾಟ್ಸ್‌ಆ್ಯಪ್‌ಗೆ

ಗೂಗಲ್ 2004ರ ಜನವರಿಯಲ್ಲಿ ಆರಂಭಿಸಿದ ಆರ್ಕುಟ್ ಬ್ರೆಜಿಲ್ ಮತ್ತು ಭಾರತದಲ್ಲಿ ಅತಿ ಹೆಚ್ಚು ಜನಪ್ರಿಯವಾಯಿತು. ಊರು, ಕಾಲೇಜು, ಸಿನಿಮಾ ನಟ, ಸಾಹಿತಿಯ ಹೆಸರಿನಲ್ಲಿ ಕನ್ನಡದ ಗುಂಪುಗಳು ಅಲ್ಲಿ ಹುಟ್ಟಿದವು. ಬೆಂಗಳೂರು, ಪುಣೆ, ಅಮೆರಿಕ ಸೇರಿದ ಯುವಕರು ತಮ್ಮ ಊರಿನವರನ್ನು ಮತ್ತೆ ಕಂಡುಕೊಂಡದ್ದು ಅಲ್ಲಿಯೇ. 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದನ್ನು ಮುಚ್ಚಿತು. ತಮ್ಮ ಬರಹ, ಚಿತ್ರಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಅವಕಾಶವಿತ್ತು. ಇಳಿಸಿಕೊಂಡ ಕಡತದಲ್ಲಿ ಮಾತು ಉಳಿಯಿತಾದರೂ ಆ ಮಾತಿಗೆ ಮರುಮಾತು ಕೊಡುತ್ತಿದ್ದ ಬಳಗ ಚದುರಿತ್ತು. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಕೂಡ ಅದೇ ಹಾದಿ ಹಿಡಿಯಿತು.

ಆರ್ಕುಟ್ ಬಿಟ್ಟವರು ಹೋದದ್ದು ಇನ್ನೊಂದು ದೊಡ್ಡ ಕಂಪನಿಯ ಬಳಿಗೆ. ಫೇಸ್‌ಬುಕ್ 2012ರಲ್ಲಿ ಇನ್‌ಸ್ಟಾಗ್ರಾಮನ್ನೂ 2014ರಲ್ಲಿ ವಾಟ್ಸ್‌ಆ್ಯಪನ್ನೂ ಕೊಂಡಿತು. ಕೆಲವೇ ತಾಣಗಳನ್ನು ಉಚಿತವಾಗಿ ಕೊಡುವ ಅದರ ಫ್ರೀ ಬೇಸಿಕ್ಸ್ ಯೋಜನೆಗೆ ದೇಶದಾದ್ಯಂತ ವಿರೋಧ ಬಂದು, 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಡೇಟಾ ದರದಲ್ಲಿ ತಾರತಮ್ಯ ಸಲ್ಲದೆಂದು ಆದೇಶಿಸಿತು. ಅದೇ ವರ್ಷ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭವಾಗಿ ಡೇಟಾ ಅಗ್ಗವಾಯಿತು. ಮುಂದಿನ ಎರಡು-ಮೂರು ವರ್ಷಗಳಲ್ಲಿ ಜಿಲ್ಲಾ ಕೇಂದ್ರಗಳ, ತಾಲ್ಲೂಕು ಊರುಗಳ ಬಹುಪಾಲು ಜನರಿಗೆ ಅಂತರ್ಜಾಲವೆಂದರೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್ ಎಂಬಂತಾಯಿತು.

ಬ್ಯಾಡಗಿ ಮಾರುಕಟ್ಟೆಯಲ್ಲಿ

ಈ ಅವಲಂಬನೆಯ ಆಳ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೆನ್ನಾಗಿ ಕಾಣುತ್ತದೆ. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಸುಕ್ಕುಸುಕ್ಕಾದ, ಕಡಿಮೆ ಖಾರದ ಡಬ್ಬಿ ಮತ್ತು ಕಡ್ಡಿ ಇದರ ಮುಖ್ಯ ಬಗೆಗಳು. ಸೋಮವಾರ, ಗುರುವಾರ ಇಲ್ಲಿ ಮಾರುಕಟ್ಟೆಯ ದಿನ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಿಂದ ಮಾತ್ರವಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನಿಂದಲೂ ಲಾರಿಗಳು ಬರುತ್ತವೆ. ದಲಾಲಿ ಅಂಗಡಿಯ ಮುಂದೆ ಚೀಲ ಬಿಚ್ಚಿ ರಾಶಿ ಮಾಡಿ, ಲಾಟ್ ನಂಬರು ಹಚ್ಚುತ್ತಾರೆ. ಖರೀದಿದಾರರು ಕಾಯಿಯನ್ನು ಕೈಯಲ್ಲಿ ಹಿಡಿದು ಬಣ್ಣ, ತೇವ, ತೊಟ್ಟು ನೋಡಿ ಇ-ಟೆಂಡರಿನಲ್ಲಿ ದರ ನಮೂದಿಸುತ್ತಾರೆ. ಟೆಂಡರ್ ತೆರೆದ ಮೇಲೆ ಕ್ವಿಂಟಲಿಗೆ ಕನಿಷ್ಠ, ಗರಿಷ್ಠ, ಮಾದರಿ ದರ ಗೊತ್ತಾಗುತ್ತದೆ; ಸ್ವಲ್ಪ ಹೊತ್ತಿನಲ್ಲಿ ಆ ಪಟ್ಟಿ ಫೋನಿನಿಂದ ಫೋನಿಗೆ ಹೋಗುತ್ತದೆ.

ಮುಂದಿನ ವಾರ ಮಾಲು ತರಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕೋ ಎಂದು ರೈತ ನಿರ್ಧರಿಸುವುದು ಈ ಪಟ್ಟಿ ನೋಡಿಯೇ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆ, ದರದ ಮಾತು ಇಲ್ಲಿ ಎಷ್ಟು ಗಂಭೀರವೆಂದು ತೋರಿಸಿತು. ಟೆಂಡರಿನ ದರ ಸಾರ್ವಜನಿಕ ಸಂಸ್ಥೆಯ ದಾಖಲೆ. ಅದರ ಸುತ್ತ ನಡೆಯುವ ಮಾತುಕತೆಯ ಸ್ಥಿತಿ ಹಾಗಲ್ಲ. ಯಾವ ಅಂಗಡಿಯಲ್ಲಿ ಎಷ್ಟಕ್ಕೆ ಹೋಯಿತು, ಎಲ್ಲಿ ಆವಕ ಹೆಚ್ಚಿದೆ, ಮಳೆ ಎಲ್ಲಿ ಬಿತ್ತು ಎಂಬ ವರ್ಷಗಳ ಅನುಭವವೆಲ್ಲ ಖಾಸಗಿ ಗುಂಪುಗಳಲ್ಲಿ ಹಂಚಿಹೋಗಿದೆ. ಫೋನ್ ಕೆಟ್ಟರೆ, ನಂಬರು ಬದಲಾದರೆ ಎಷ್ಟೋ ಸಲ ಅದು ಮರಳಿ ಸಿಗುವುದಿಲ್ಲ.

ನಿಯಮವೂ ದೂರದಲ್ಲೇ ತಯಾರಾಗುತ್ತದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಎಂಜಿನಿಯರೊಬ್ಬರನ್ನು ಕೊಂದಿತು. ದೇಶದ ಬೇರೆಡೆಗಳಲ್ಲೂ ಇಂಥ ಕೊಲೆಗಳು ನಡೆದಿದ್ದವು. ಅದೇ ತಿಂಗಳು ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದಕ್ಕೆ ಕಳಿಸುವ ಮಿತಿ ಘೋಷಿಸಿತು. ಮಿತಿ ಬೇಕಾಗಿತ್ತು, ಆದರೆ ಅದನ್ನು ಯಾವಾಗ, ಎಷ್ಟು, ಹೇಗೆ ಎಂದು ತೀರ್ಮಾನಿಸುವಲ್ಲಿ ಬಳಸುವವರಿಗೆ ಯಾವ ಪಾತ್ರವೂ ಇರಲಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಕಂಪನಿಯ ಜಾಲ ಸಂಪರ್ಕದಲ್ಲಿ ತಪ್ಪಾಗಿ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ನಿಂತವು.

2019: ಮ್ಯಾಸ್ಟೊಡಾನ್ ಕಡೆಗೆ

ಭಾರತದಲ್ಲಿ ವಿಕೇಂದ್ರಿತ ಜಾಲದತ್ತ ಕಣ್ಣಿಗೆ ಕಾಣುವ ಮೊದಲ ವಲಸೆ ನಡೆದದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಕಂಪನಿ ಅಕ್ಟೋಬರ್ ಕೊನೆಯಲ್ಲಿ ಅಮಾನತು ಮಾಡಿತ್ತು. ಕಾರಣ, ಅವರು ಖಾತೆಯ ಮುಖಪುಟದಲ್ಲಿ ಹಾಕಿಕೊಂಡಿದ್ದ ಚಿತ್ರ. 1936ರಲ್ಲಿ ಹ್ಯಾಂಬರ್ಗ್ ಹಡಗುಕಟ್ಟೆಯಲ್ಲಿ ಎಲ್ಲರೂ ನಾಜಿ ವಂದನೆಗೆ ಕೈ ಎತ್ತಿದಾಗ ಕೈಕಟ್ಟಿ ನಿಂತಿದ್ದ ಆಗಸ್ಟ್ ಲ್ಯಾಂಡ್‌ಮೆಸ್ಸರ್ ಎಂಬ ಕಾರ್ಮಿಕನ ಚಿತ್ರವದು. ನಾಜಿಗಳನ್ನು ಧಿಕ್ಕರಿಸಿದವನ ಚಿತ್ರವೇ ದ್ವೇಷದ ಚಿತ್ರವೆಂದು ಎಣಿಕೆಯಾಯಿತು. ಖಾತೆ ಮರಳಿ ಬಂದು, ಗೋರಖ್ ಪಾಂಡೆಯವರ ಹಿಂದಿ ಕವಿತೆಯೊಂದನ್ನು ಹಂಚಿದ ಹಳೆಯ ಪೋಸ್ಟಿನ ಕಾರಣಕ್ಕೆ ಮತ್ತೆ ಅಮಾನತಾಯಿತು. ಹೆಗ್ಡೆಯವರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. ಅವರ ಬೆಂಬಲಕ್ಕೆ ನಿಂತವರಲ್ಲಿ ಅನೇಕರು ಮ್ಯಾಸ್ಟೊಡಾನ್‌ನಲ್ಲಿ ಖಾತೆ ತೆರೆದರು.

ಜರ್ಮನಿಯ ಯೂಜನ್ ರೊಚ್ಕೊ 2016ರಲ್ಲಿ ಹೊರತಂದ ಮ್ಯಾಸ್ಟೊಡಾನ್ ಒಂದೇ ತಾಣವಲ್ಲ. ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದಾದ ಸ್ವತಂತ್ರ ತಂತ್ರಾಂಶ. ಇದಕ್ಕೂ ಮೊದಲು 2008ರ ಐಡೆಂಟಿಕಾ, 2010ರ ಡಯಾಸ್ಪೊರಾ ಇದೇ ದಾರಿ ತುಳಿದಿದ್ದವು. 2018ರ ಜನವರಿ 23ರಂದು ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಆ್ಯಕ್ಟಿವಿಟಿಪಬ್ ಎಂಬ ಮಾನಕವನ್ನು ಅಂಗೀಕರಿಸಿದ ಮೇಲೆ ಬೇರೆ ಬೇರೆ ತಂತ್ರಾಂಶಗಳ ಸರ್ವರುಗಳೂ ಪರಸ್ಪರ ಮಾತಾಡಲು ಸಾಮಾನ್ಯ ಒಪ್ಪಂದ ಸಿಕ್ಕಿತು.

ಮ್ಯಾಸ್ಟೊಡಾನ್ ಕೆಲಸ ಮಾಡುವ ರೀತಿ ಸಂತೆಗಳಂತೆ. ಹಾವೇರಿಯ ಸಂತೆಗೆ ಒಂದು ವಾರ, ಒಂದು ಕಟ್ಟುಪಾಡು, ರಾಣೆಬೆನ್ನೂರಿನದಕ್ಕೆ ಮತ್ತೊಂದು. ಎಲ್ಲ ಸಂತೆಗಳಿಗೂ ಒಬ್ಬನೇ ಒಡೆಯನಿಲ್ಲ, ಆದರೂ ವ್ಯಾಪಾರಿಗಳೂ ಮಾಲೂ ಒಂದರಿಂದ ಇನ್ನೊಂದಕ್ಕೆ ಓಡಾಡುತ್ತವೆ. ಮ್ಯಾಸ್ಟೊಡಾನ್‌ನಲ್ಲಿ ಬಳಕೆದಾರನ ವಿಳಾಸ ಇಮೇಲಿನಂತೆ ಎರಡು ಭಾಗದ್ದು, ಒಂದು ಹೆಸರು, ಇನ್ನೊಂದು ಸರ್ವರಿನ ಹೆಸರು. ಒಂದು ಸರ್ವರಿನವರು ಇನ್ನೊಂದು ಸರ್ವರಿನವರನ್ನು ಹಿಂಬಾಲಿಸಬಹುದು, ಉತ್ತರಿಸಬಹುದು. ಪೋಸ್ಟುಗಳು ಬಂದ ಹೊತ್ತಿನ ಕ್ರಮದಲ್ಲೇ ಕಾಣುತ್ತವೆ, ಜಾಹೀರಾತು ಇರುವುದಿಲ್ಲ. ಸರ್ವರಿನ ನಿಯಮ ಹಿಡಿಸದಿದ್ದರೆ ಖಾತೆಯನ್ನು ಬೇರೆಡೆಗೆ ಸಾಗಿಸಬಹುದು. ಹಿಂಬಾಲಕರು ಜೊತೆಗೆ ಬರುತ್ತಾರೆ. ಹಳೆಯ ಪೋಸ್ಟುಗಳು ಮಾತ್ರ ಹೊಸ ಖಾತೆಗೆ ಬರುವುದಿಲ್ಲ, ಪ್ರತಿ ಇಳಿಸಿಕೊಳ್ಳಬಹುದಷ್ಟೆ.

ಕೇಡಿನ ಮಾತನ್ನು ತಡೆಯುವ ಬಗೆಯೂ ಇಲ್ಲಿ ಬೇರೆ. ದ್ವೇಷದ ಬರಹಕ್ಕೆ ಕುಖ್ಯಾತವಾದ ಗ್ಯಾಬ್ ಎಂಬ ಅಮೆರಿಕದ ತಾಣ 2019ರ ಜುಲೈನಲ್ಲಿ ಮ್ಯಾಸ್ಟೊಡಾನ್ ತಂತ್ರಾಂಶವನ್ನೇ ಅಳವಡಿಸಿಕೊಂಡಿತು. ಸ್ವತಂತ್ರ ತಂತ್ರಾಂಶವಾದ್ದರಿಂದ ಅದನ್ನು ಬಳಸದಂತೆ ತಡೆಯುವಂತಿರಲಿಲ್ಲ. ಆದರೆ ನೂರಾರು ಸರ್ವರುಗಳು ತಾವಾಗಿಯೇ ಅದರೊಂದಿಗೆ ಸಂಪರ್ಕ ಕಡಿದುಕೊಂಡವು. ಪ್ರತಿ ಸಮುದಾಯವೂ ತನ್ನ ಬಾಗಿಲನ್ನು ತಾನೇ ಕಾಯುವ ಈ ಪದ್ಧತಿಯಲ್ಲಿ ಹೊಣೆ ಹಂಚಿಕೆಯಾಗುತ್ತದೆ, ಅದರ ಕೆಲಸವೂ ಪ್ರತಿ ಸರ್ವರಿನ ಸ್ವಯಂಸೇವಕರ ಹೆಗಲಿಗೆ ಬೀಳುತ್ತದೆ.

ಕೂ: ನಮ್ಮದಾದರೂ ಕಂಪನಿಯದೇ

ಇದೇ ಕಾಲದಲ್ಲಿ ಕನ್ನಡಿಗರ ಮುಂದೆ ಇನ್ನೊಂದು ಆಯ್ಕೆ ಬಂತು. ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕಾ 2020ರ ಮಾರ್ಚ್‌ನಲ್ಲಿ ಆರಂಭಿಸಿದ ಕೂ ಮೊದಲು ಬಂದದ್ದು ಕನ್ನಡದಲ್ಲಿ. ಆ ವರ್ಷ ಕೇಂದ್ರ ಸರಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. 2021ರ ಫೆಬ್ರುವರಿಯಲ್ಲಿ, ರೈತ ಚಳವಳಿಯ ಖಾತೆಗಳ ವಿಷಯದಲ್ಲಿ ಸರಕಾರಕ್ಕೂ ಟ್ವಿಟರಿಗೂ ತಿಕ್ಕಾಟವಾದಾಗ ಸಚಿವರು, ಇಲಾಖೆಗಳು ಕೂ ಸೇರಿದವು. ಇಂಗ್ಲಿಷಿನ ಹಂಗಿಲ್ಲದೆ ಬರೆಯುವವರಿಗೆ ಅದು ನಿಜವಾದ ಗೌರವ ಕೊಟ್ಟ ಜಾಗವಾಗಿತ್ತು. ಆದರೆ ಹೂಡಿಕೆದಾರರ ಹಣದ ಮೇಲೆ ನಿಂತಿದ್ದ ಕಂಪನಿಗೆ ಹೊಸ ಬಂಡವಾಳ ಸಿಗಲಿಲ್ಲ, ದೊಡ್ಡ ಸಂಸ್ಥೆಗಳೊಂದಿಗಿನ ಮಾತುಕತೆಗಳೂ ಫಲಿಸಲಿಲ್ಲ. 2024ರ ಜುಲೈನಲ್ಲಿ ಸೇವೆ ನಿಲ್ಲಿಸುವುದಾಗಿ ಸ್ಥಾಪಕರು ಘೋಷಿಸಿದರು. ತಾಣದ ಭಾಷೆ ನಮ್ಮದಾಗಿದ್ದರೂ ಒಡೆತನ ಸಮುದಾಯದ್ದಲ್ಲವಾದರೆ ಅಲ್ಲಿ ಕೂಡಿದ ಮಾತಿಗೆ ಭದ್ರತೆ ಇಲ್ಲವೆಂಬುದನ್ನು ಆರ್ಕುಟ್ ಮುಚ್ಚಿದ ಹತ್ತು ವರ್ಷಕ್ಕೆ ಕೂ ಮತ್ತೊಮ್ಮೆ ತೋರಿಸಿತು.

2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರನ್ನು ಕೊಂಡಾಗ ವಲಸೆಯ ಎರಡನೆಯ, ಬಹುದೊಡ್ಡ ಅಲೆ ಎದ್ದಿತು. ಮ್ಯಾಸ್ಟೊಡಾನ್‌ನ ತಿಂಗಳ ಬಳಕೆದಾರರ ಸಂಖ್ಯೆ ಕೆಲವೇ ವಾರಗಳಲ್ಲಿ 25 ಲಕ್ಷಕ್ಕೇರಿ, ಮುಂದಿನ ತಿಂಗಳುಗಳಲ್ಲಿ ಇಳಿಯಿತು. ಈ ನಡುವೆ ಖಾತೆಗಳನ್ನು ತಡೆಹಿಡಿಯುವ ಕೇಂದ್ರದ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಹೂಡಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2023ರ ಜೂನ್ 30ರಂದು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಸರಕಾರ ಮತ್ತು ಕಂಪನಿ ವಾದಿಸಿದ ಆ ವ್ಯಾಜ್ಯದಲ್ಲಿ ಖಾತೆಗಳ ಒಡೆಯರು ಕಕ್ಷಿದಾರರಾಗಿರಲಿಲ್ಲ.

ಉಳಿದದ್ದು ಯಾವುದು

ಈ ಇಪ್ಪತ್ತು ವರ್ಷಗಳಲ್ಲಿ ಮುಚ್ಚದೆ, ಮಾರಾಟವಾಗದೆ ಉಳಿದ ಕನ್ನಡದ ಜಾಲ ಕೆಲಸಗಳಲ್ಲಿ ಮುಖ್ಯವಾದವು ಸಮುದಾಯದ್ದೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಆರ್ಕುಟ್‌ಗಿಂತ ಹಳೆಯದು, ಈಗಲೂ ಬೆಳೆಯುತ್ತಿದೆ. ಅದರ ಸರ್ವರುಗಳು ಅಮೆರಿಕದ ವಿಕಿಮೀಡಿಯ ಪ್ರತಿಷ್ಠಾನದ ಕೈಯಲ್ಲಿದ್ದರೂ ಬರಹ ಮುಕ್ತ ಪರವಾನಗಿಯಲ್ಲಿದೆ, ಇಡೀ ವಿಶ್ವಕೋಶದ ಪ್ರತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪ್ರತಿಷ್ಠಾನವೇ ನಾಳೆ ಇಲ್ಲವಾದರೂ ಕನ್ನಡದ ಕೆಲಸ ಬೇರೊಂದು ಕಡೆ ಮುಂದುವರಿಯಬಲ್ಲದು.

ಸಂಚಯ ತಂಡದ ವಚನ ಸಂಚಯ ಇನ್ನೊಂದು ಉದಾಹರಣೆ. ಓಂಶಿವಪ್ರಕಾಶ್, ವಸುಧೇಂದ್ರ, ಓ.ಎಲ್. ನಾಗಭೂಷಣಸ್ವಾಮಿ ಮೊದಲಾದವರ ಶ್ರಮದಿಂದ ಸಮಗ್ರ ವಚನ ಸಾಹಿತ್ಯ ಯೂನಿಕೋಡಿಗೆ ಬಂದು, ಪದ ಕೊಟ್ಟು ಹುಡುಕುವಂತಾಯಿತು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಅಂಬಿಗರ ಚೌಡಯ್ಯನ ಗದ್ದುಗೆಯಿದೆ. ದೋಣಿ ನಡೆಸಿ ಬದುಕಿದ ಆ ಶರಣನ ವಚನಗಳನ್ನು ಇಂದು ಅದೇ ಊರಿನ ಶಾಲೆಯ ಹುಡುಗಿ ಯಾವ ಖಾತೆಯನ್ನೂ ತೆರೆಯದೆ, ಯಾರ ಅನುಮತಿಯನ್ನೂ ಕೇಳದೆ ಫೋನಿನಲ್ಲಿ ಹುಡುಕಿ ಓದಬಹುದು.

ವಲಸೆ ಏಕೆ ದೊಡ್ಡದಾಗಲಿಲ್ಲ

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಟ್ವಿಟರ್ ಕೈಬದಲಾಗಿ ಆಗ ಹತ್ತು ವಾರವಷ್ಟೆ. ಆದರೂ ಏಲಕ್ಕಿ ಮಾಲೆಗೆ ಹೆಸರಾದ ಆ ಊರಿನಿಂದ ಹೊರಟ ಚಿತ್ರ, ಭಾಷಣ, ಚರ್ಚೆಗಳು ಹರಿದದ್ದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಯೂಟ್ಯೂಬುಗಳಲ್ಲೇ. ಮೊದಲ ಕಾರಣ ಜನರೇ: ಬಂಧುಗಳು, ಗಿರಾಕಿಗಳು, ದಲಾಲರು ಎಲ್ಲರೂ ಒಂದೇ ತಾಣದಲ್ಲಿರುವಾಗ ಒಬ್ಬರೇ ಹೊರಟರೆ ಮಾತಾಡಲು ಯಾರೂ ಇರುವುದಿಲ್ಲ. ಸರ್ವರ್ ಆರಿಸಿಕೊಳ್ಳುವ ಮೊದಲ ಹೆಜ್ಜೆಯೇ ಹೊಸಬರಿಗೆ ಗೊಂದಲ. ಓದು-ಬರಹಕ್ಕಿಂತ ಧ್ವನಿ ಸಂದೇಶ, ವಿಡಿಯೊ ನೆಚ್ಚಿದವರಿಗೆ ಅಕ್ಷರಪ್ರಧಾನ ತಾಣ ಹಿಡಿಸುವುದಿಲ್ಲ. ಸರ್ವರಿನ ಬಾಡಿಗೆ, ನಿರ್ವಹಣೆ, ದೂರು ವಿಚಾರಿಸುವ ಕೆಲಸಕ್ಕೆ ಹಣವೂ ಆಳುಗಳೂ ಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಚಿಕ್ಕ ಸರ್ವರ್ ನಡೆಸುವವರೂ ಮಧ್ಯವರ್ತಿಗಳೇ, ಅವರಿಗೂ ಕಾನೂನಿನ ಹೊಣೆಗಾರಿಕೆ ಇದೆ.

ಕಾನೂನು ಹೊರಡುವವರಿಗೂ ನೆರವಾಗಬಲ್ಲದು. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ, ಬೇರೆ ಸಂದೇಶ ಸೇವೆಗಳು ಕೇಳಿಕೊಂಡರೆ ಅವುಗಳೊಂದಿಗೆ ಸಂಪರ್ಕ ಕಲ್ಪಿಸಬೇಕೆಂಬ ಕಟ್ಟಳೆಯನ್ನು 2024ರ ಮಾರ್ಚ್‌ನಿಂದ ವಾಟ್ಸ್‌ಆ್ಯಪ್‌ಗೆ ವಿಧಿಸಿದೆ. ಭಾರತದ 2019ರ ದತ್ತಾಂಶ ರಕ್ಷಣಾ ಮಸೂದೆಯಲ್ಲಿ, ತನ್ನ ಮಾಹಿತಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸುವ ಹಕ್ಕು ಬಳಕೆದಾರನಿಗೆ ಇತ್ತು. 2023ರಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಆ ಹಕ್ಕನ್ನು ಕೈಬಿಡಲಾಯಿತು.

ಹಾಗಾಗಿ ಕನ್ನಡದಲ್ಲಿ ವಿಕೇಂದ್ರಿತ ಜಾಲದ ಚರಿತ್ರೆ ಎರಡು ಎಳೆಗಳದ್ದು. ದಿನದ ಮಾತುಕತೆ ಇನ್ನೂ ಕಂಪನಿಗಳ ಅಂಗಳದಲ್ಲೇ ನಡೆಯುತ್ತಿದೆ. ಉಳಿಯಬೇಕಾದ ಜ್ಞಾನದ ಒಂದು ಭಾಗವಾದರೂ ವಿಕಿಪೀಡಿಯ, ವಚನ ಸಂಚಯದಂಥ ಸಾರ್ವಜನಿಕ ನೆಲೆಗಳಿಗೆ ಬಂದಿದೆ. ಯೂನಿಕೋಡ್ ಗೆದ್ದದ್ದು ಎಲ್ಲ ತಂತ್ರಾಂಶಗಳೂ ಅದನ್ನು ಒಪ್ಪಿದ್ದರಿಂದ, ವಿಕಿಪೀಡಿಯ ಬಾಳಿದ್ದು ಅದರ ಬರಹ ಎಲ್ಲರದೂ ಆದ್ದರಿಂದ. ಮಾರುಕಟ್ಟೆಯ ದರದ ಅನುಭವ, ಕಾರಣಿಕದ ನುಡಿಗಳ ದಾಖಲೆ, ಸಮ್ಮೇಳನದ ಚರ್ಚೆಗಳಿಗೂ ಅಂಥ ನೆಲೆ ಸಿಗಬೇಕಾದರೆ ಬೇಕಿರುವುದು ಎರಡು: ತೆರೆದ ಮಾನಕ, ಮತ್ತು ಆ ನೆಲೆಯನ್ನು ನಡೆಸುವ ಹೊಣೆ ಹೊರಬಲ್ಲ ಸ್ಥಳೀಯ ಸಂಸ್ಥೆ. ಎಪಿಎಂಸಿ, ಸಹಕಾರಿ ಸಂಘ, ಕಾಲೇಜು, ಗ್ರಂಥಾಲಯ, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಈ ಜಿಲ್ಲೆಯಲ್ಲಿ ಈಗಾಗಲೇ ಇವೆ.